ಬೀಗದ ಕೈ ಇರುವವರಿಗೂ ಕೇಳಿಸಲಿ

ಫೆಬ್ರವರಿ 3

ತಮ್ಮಾ,

ಇವತ್ತು ಬೆಳಿಗ್ಗೆ ನಿನ್ನ ಧ್ವನಿ ಕೇಳಿದೆ. ನಮ್ಮ ಕಾರ್ಖಾನೆಯ ಧ್ವನಿವರ್ಧಕದಲ್ಲಿ.

ಮಷೀನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸ್ತಾ ಇದ್ದೆ. ತಲೆ ಮೇಲಿನ ಡಬ್ಬಿಯಿಂದ "ಪ್ರಿಯರೇ" ಅಂತ ಬಂತು ನೋಡು, ನನ್ನ ಕೈ ನಿಂತೇಹೋಯ್ತು. ಪಕ್ಕದಲ್ಲಿದ್ದ ಬಟನ್ ಅಜ್ಜಿಯ ಮೊಣಕೈ ಹಿಡಿದು, "ಅಜ್ಜಿ, ಇವನು ನನ್ನ ತಮ್ಮ. ನಾನೇ ಎತ್ತಿ ಆಡಿಸಿದ ಹುಡುಗ" ಅಂದೆ. ಬಟನ್ ಅಜ್ಜಿ ಅಂದ್ರೆ ಅಂಗಿಗಳಿಗೆ ಗುಂಡಿ ಹಾಕೋ ಹೆಂಗಸು. ವಯಸ್ಸೇನೂ ಅಷ್ಟಾಗಿಲ್ಲ, ಮಾತು ಮಾತ್ರ ಅಜ್ಜಿಯದು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ. ಅಮ್ಮ ಇದ್ದಿದ್ರೆ ಅಂತಾನೂ ಅನ್ನಿಸ್ತು.

ಆಮೇಲೆ ನೀನು ಏನು ಹೇಳ್ತಿದ್ದೀಯ ಅನ್ನೋದು ಕಿವಿಗೆ ಬಿತ್ತು. ಕರ್ತನು ಇಟ್ಟ ಜಾಗದಲ್ಲಿ ಸಂತೋಷವಾಗಿರುವುದೇ ಭಕ್ತಿ. ಗೊಣಗುವವನು ದೇವರಿಗೆ ಬೆನ್ನು ತಿರುಗಿಸಿ ನಿಂತವನು. ಇರುವುದರಲ್ಲಿ ತೃಪ್ತಿ ಪಡುವವನ ಮನೆಗೆ ಸಮಾಧಾನ ತಾನಾಗಿ ಬರುತ್ತದೆ. ಬಹಳ ಚೆನ್ನಾಗಿ ಹೇಳ್ತೀಯ. ಚಿಕ್ಕಂದಿನಿಂದಲೂ ನಿನ್ನ ಬಾಯಿ ಚೆನ್ನಾಗಿದೆ.

ಅಲ್ಲಿ ನಿಮ್ಮೂರಿನ ಯಾವುದೋ ದೊಡ್ಡ ಪ್ರಾರ್ಥನಾ ಕೂಟದಲ್ಲಿ ನೀನು ಮಾಡಿದ ಪ್ರಸಂಗವನ್ನ ನಮ್ಮ ಮಾಲೀಕರು ಕ್ಯಾಸೆಟ್ ಮಾಡಿಸ್ಕೊಂಡು ತಂದಿದ್ದಾರೆ. ಅವರನ್ನ ನಾವೆಲ್ಲ ದೊಡ್ಡವರು ಅಂತೀವಿ. ಇನ್ನು ದಿನಾ ಬೆಳಿಗ್ಗೆ ಅದನ್ನ ಹಾಕ್ತಾರಂತೆ. ಕ್ಯಾಸೆಟ್ ಮುಗಿದ ಮೇಲೆ ನಮ್ಮಲ್ಲಿ ಒಬ್ಬರು ಮೈಕಿನ ಮುಂದೆ ನಿಂತು ಪ್ರಾರ್ಥನೆ ಮಾಡಬೇಕು. ಆಮೇಲೆ ಸೀಟಿ ಊದಿದ ತಕ್ಷಣ ಕೆಲಸ ಶುರು. ಸೂಪರ್‌ವೈಸರ್ ಹೆಸರೇ ನಮಗೆ ಸೀಟಿ ಆಗಿಹೋಗಿದೆ.

ನಾಚಿಕೆ ಬಿಟ್ಟು ನಿನಗೊಂದು ವಿಷಯ ಹೇಳ್ತೀನಿ. ಹಾಲ್‌ನ ಹಿಂದೆ ಹೆಂಗಸರ ಟಾಯ್ಲೆಟ್ ಇದೆ. ಹೊಸ ವರ್ಷದಿಂದ ಅದಕ್ಕೆ ಬೀಗ. ಬೀಗದ ಕೈ ಸೀಟಿಯ ಜೇಬಲ್ಲಿ. ಹೋಗಬೇಕು ಅಂದ್ರೆ ಎದ್ದು ನಿಂತು, ಇಸ್ತ್ರಿ ಮಾಡೋ ಗಂಡಸರೆಲ್ಲ ನೋಡ್ತಿರೋ ಹಾಗೆ ಕೈ ಎತ್ತಿ ಕೇಳಬೇಕು. ಅವನು ಗಡಿಯಾರ ನೋಡ್ತಾನೆ. "ಈಗ ತಾನೆ ಊಟಕ್ಕೆ ಬಿಟ್ಟಿದ್ನಲ್ಲ" ಅಂತಾನೆ. ಕೆಲವು ಸಲ ಕೊಡ್ತಾನೆ, ಕೆಲವು ಸಲ ಕೊಡಲ್ಲ. ಅವನ ಮರ್ಜಿ.

ಆ ಡಬ್ಬಿ ಕೆಳಗೆ ಕೂತು, ನನ್ನ ತಮ್ಮನ ಬಾಯಲ್ಲಿ, ಗೊಣಗಬೇಡ ಅಂತ ಕೇಳಿಸ್ಕೋಬೇಕು ನಾನು.

ದೊಡ್ಡವರು ನಿನ್ನ ಮಾತು ಕೇಳ್ತಾರೆ ಅಂತಾರೆ. ಕ್ಯಾಸೆಟ್ ನಿಲ್ಲಿಸೋಕೆ ಹೇಳು. ಬೀಗದ ವಿಷಯಾನೂ ಹೇಳು.

ನಿನ್ನ ಅಕ್ಕ


ಫೆಬ್ರವರಿ 12

ಪ್ರೀತಿಯ ಅಕ್ಕನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಿನ್ನ ಪತ್ರ ತಲುಪಿತು. ನಿನ್ನ ಕೈಬರಹ ನೋಡಿ ಬಹಳ ದಿನವಾಗಿತ್ತು, ಸಂತೋಷವಾಯಿತು.

ಆ ಪ್ರಸಂಗ ಅಷ್ಟು ದೂರದವರೆಗೆ ಹೋಗಿದೆ ಎಂದು ನನಗೇ ತಿಳಿದಿರಲಿಲ್ಲ. ದೇವರು ಒಂದು ಸಣ್ಣ ಪಾತ್ರೆಯನ್ನು ಎಲ್ಲೆಲ್ಲಿ ಬಳಸುತ್ತಾನೆ ನೋಡು. ಅದನ್ನು ತಯಾರಿಸಲು ನಾನು ಎಷ್ಟೋ ದಿನ ಮೊಣಕಾಲೂರಿದ್ದೆ. ನನ್ನ ಸ್ವಂತ ಅಕ್ಕನ ಕಿವಿಗೇ ಅದು ಬಿದ್ದಿತು ಎಂದಾಗ, ನಿನಗೆ ಹೆಮ್ಮೆಯಾಗುತ್ತದೆ ಎಂದುಕೊಂಡಿದ್ದೆ.

ನಿಮ್ಮ ಮಾಲೀಕರು ಒಳ್ಳೆಯ ವಿಶ್ವಾಸಿ. ಕೂಟದಲ್ಲಿ ಮುಂದಿನ ಸಾಲಿನಲ್ಲಿ ಕೂತು ಕಣ್ಣೀರು ಹಾಕಿದವರು. ಕೆಳಗಿನ ಕೆಲಸಗಾರರು ಮಾಡುವುದೆಲ್ಲ ಮೇಲಿನವರಿಗೆ ಗೊತ್ತಿರುವುದಿಲ್ಲ, ಅಕ್ಕ. ಬೀಗದ ವಿಷಯ ಅವರಿಗೆ ತಿಳಿದಿರಲಾರದು. ಸಮಯ ನೋಡಿ ಹೇಳುತ್ತೇನೆ. ಇಂಥ ಮಾತಿಗೆ ಒಂದು ಹೊತ್ತು ಬೇಕು.

ಸಂತೃಪ್ತಿ ಎಂಬುದು ನಾನು ಕಟ್ಟಿದ ಮಾತಲ್ಲ. ಬೈಬಲಿನಲ್ಲಿ ಅಪೊಸ್ತಲನು ಸೆರೆಮನೆಯೊಳಗೆ ಸರಪಳಿ ತೊಟ್ಟು ಹೇಳಿದ ಮಾತು. ಅಂಥವನಿಗೇ ಸಾಧ್ಯವಾದದ್ದು ನಮಗೆ ಯಾಕೆ ಆಗಬಾರದು? ಯೋಚಿಸು.

ಮನೆಯಲ್ಲಿ ನಿನ್ನ ನಾದಿನಿಯೂ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ಪ್ರಾರ್ಥನೆಯಲ್ಲಿ ನೆನೆಯುವ,
ನಿನ್ನ ತಮ್ಮ


ಫೆಬ್ರವರಿ 20

ಪಾಸ್ಟರ್ ಅವರಿಗೆ,

ತಮ್ಮ ಪತ್ರ ಬಂತು. ಹೆಮ್ಮೆ ಪಡಲಿಲ್ಲ ಅಂತ ತಮಗೆ ಬೇಜಾರಾಗಿದೆ ಅಂತ ತಿಳೀತು. ಕ್ಷಮಿಸಿ. ಕೈ ಎತ್ತಿ ನಿಂತಿದ್ದೆ, ಹೆಮ್ಮೆ ಪಡೋಕೆ ಬಿಡುವಾಗಲಿಲ್ಲ.

ಸಾಕು, ನನಗೆ ಈ ಬಹುವಚನ ಬರಲ್ಲ. ನೇರವಾಗೇ ಬರೀತೀನಿ.

ನೀನು ಅಪೊಸ್ತಲನ ವಿಷಯ ಬರೆದೆ. ಅವನು ಸೆರೆಮನೆ ಒಳಗೆ ಕೂತು, ತನ್ನ ಬಗ್ಗೆ ತಾನು ಹೇಳಿಕೊಂಡ. ನನಗಿಷ್ಟು ಸಾಕು ಅಂದ. ಅದು ಕೈದಿ ಆಡಿದ ಮಾತು. ಜೈಲಿನ ಕಾವಲುಗಾರ ಆಡಿದ್ದಲ್ಲ. ಕಾವಲುಗಾರ ಬಂದು, ನೋಡಪ್ಪ, ನಿನಗಿಷ್ಟು ಸಾಕು ಅಂದಿದ್ರೆ ಅದನ್ನ ಯಾರಾದರೂ ಬರೆದಿಡ್ತಿದ್ರಾ? ದೊಡ್ಡವರು ನಿನ್ನ ಕೈಲಿ ಮಾಡಿಸ್ತಿರೋದು ಅದನ್ನೇ. ಬೀಗ ಅವರದ್ದು, ಬಾಯಿ ನಿನ್ನದು.

ಅವರಿಗೆ ಗೊತ್ತಿರಲಾರದು ಅಂತೀಯ. ಅವರ ಆಫೀಸಿನ ಗಾಜಿನ ಕಿಟಕಿ ನಮ್ಮ ಹಾಲ್‌ನ ಮೇಲೇ ಇದೆ. ಅಲ್ಲಿಂದ ನೋಡಿದ್ರೆ ನಾನು ಕಾಲರ್ ಹೊಲಿಯೋದೂ ಕಾಣುತ್ತೆ, ಕೈ ಎತ್ತೋದೂ ಕಾಣುತ್ತೆ. ಹೋದ ವಾರ ಒಂದು ಹುಡುಗಿ, ಮದುವೆಯಾಗಿ ಹೊಸದು, ಕೈ ಎತ್ತಿ ನಿಂತವಳು ನಿಂತೇ ಇದ್ದಳು. ಸೀಟಿ ಆಕಡೆ ಮುಖ ಮಾಡಿ ಯಾರ ಹತ್ತಿರವೋ ಮಾತಾಡ್ತಿದ್ದ. ಆಮೇಲೆ ಅವಳು ಸುಮ್ಮನೆ ಕೂತಳು. ಯಾಕೆ ಕೂತಳು ಅಂತ ನಮಗೆಲ್ಲ ಗೊತ್ತಾಯ್ತು. ನಾವು ತಲೆ ಎತ್ತಲಿಲ್ಲ. ಬಟನ್ ಅಜ್ಜಿ ಎದ್ದು ಹೋಗಿ ತನ್ನ ಸೀರೆ ಸೆರಗನ್ನ ಅವಳ ಸ್ಟೂಲಿನ ಸುತ್ತ ಹಿಡಿದು ನಿಂತಳು. ಮಾರನೇ ದಿನದಿಂದ ಆ ಹುಡುಗಿ ಬರಲಿಲ್ಲ.

ಅವತ್ತು ಬೆಳಿಗ್ಗೆಯೂ ನೀನು ಮಾತಾಡಿದ್ದೆ. ಸಮಾಧಾನ ತಾನಾಗಿ ಬರುತ್ತದೆ ಅಂದಿದ್ದೆ.

ಹೊತ್ತು ನೋಡಿ ಹೇಳ್ತೀಯಂತೆ. ಸರಿ, ಹೊತ್ತು ನೋಡು. ನಾವೂ ಇಲ್ಲಿ ಹೊತ್ತು ನೋಡ್ಕೊಂಡೇ ಕೂತಿದ್ದೀವಿ.

ಎರಡು ದಿನದಿಂದ ಸ್ವಲ್ಪ ಜ್ವರ ಇದೆ. ಅದಕ್ಕೇ ಅಕ್ಷರ ಸೊಟ್ಟ.

ಅಕ್ಕ


ಮಾರ್ಚ್ 4

ಪ್ರೀತಿಯ ಅಕ್ಕ,

ನಿನ್ನ ಪತ್ರ ಓದಿ ಮನಸ್ಸಿಗೆ ನೋವಾಯಿತು. ಆ ಹುಡುಗಿಗಾಗಿ ಪ್ರಾರ್ಥಿಸಿದೆ. ಆದರೆ ನೀನು ನನ್ನನ್ನು ಕಾವಲುಗಾರ ಎಂದೆ. ಅಷ್ಟು ಹಗುರವಾಗಿ ಆಡುವ ಮಾತೇ ಅದು?

ನಾನೂ ಸುಮ್ಮನೆ ಕೂತಿಲ್ಲ. ಮುಂದಿನ ತಿಂಗಳ ದೊಡ್ಡ ಕೂಟಕ್ಕೆ ನನ್ನನ್ನು ಮುಖ್ಯ ಪ್ರಸಂಗಿಯಾಗಿ ಕರೆದಿದ್ದಾರೆ. ನಿಮ್ಮ ಮಾಲೀಕರೇ ಮುಂದೆ ನಿಂತು ನಡೆಸುತ್ತಿರುವುದು. ಅಲ್ಲಿ ಅವರೊಂದಿಗೆ ಕೂತು ಮಾತಾಡುವ ಅವಕಾಶ ಸಿಗುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಲಿ.

ಒಂದು ಮಾತು ಕೇಳಲಾ? ಕೋಪಿಸಿಕೊಳ್ಳಬೇಡ. ಈ ಸಿಟ್ಟನ್ನೆಲ್ಲ ನೀನು ನನಗೆ ಬರೆಯುತ್ತೀಯ. ಬಟನ್ ಅಜ್ಜಿಯ ಹತ್ತಿರ ಹೇಳುತ್ತೀಯ, ಗೋಡೆಗೂ ಹೇಳುತ್ತಿರಬೇಕು. ದೇವರ ಹತ್ತಿರ ಹೇಳಿದ್ದೀಯಾ? ಅಮ್ಮ ಹೋದ ಮೇಲೆ ನೀನು ಮೊಣಕಾಲೂರಿದ್ದನ್ನು ನಾನು ನೋಡಿಲ್ಲ. ಊಟಕ್ಕೆ ಮುಂಚೆ ನಾಲ್ಕು ಮಾತು ಗೊಣಗಿ ತಟ್ಟೆ ಎಳೆದುಕೊಳ್ಳುತ್ತಿದ್ದೆ, ಅಷ್ಟೇ. ಹೃದಯ ತೆರೆದು ಆಡುವ ಮಾತು ಬೇರೆ. ಅಲ್ಲಿ ಚೆಂದದ ಪದ ಬೇಕಿಲ್ಲ, ಒಳ್ಳೆಯವಳಂತೆ ತೋರಬೇಕಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಟ್ಟರೆ ಸಾಕು. ಇದು ಪ್ರಸಂಗವಲ್ಲ, ತಮ್ಮನ ಮಾತು.

ಜ್ವರ ಎಂದು ಬರೆದಿದ್ದೆ. ಬಿಸಿಲು ಜಾಸ್ತಿಯಾಗಿರಬೇಕು. ವಿಶ್ರಾಂತಿ ತೆಗೆದುಕೋ. ನೀರು ಚೆನ್ನಾಗಿ ಕುಡಿ.

ನಿನ್ನ ತಮ್ಮ


ಮಾರ್ಚ್ 9

ನೀರು ಚೆನ್ನಾಗಿ ಕುಡಿ ಅಂತ ಬರೆದಿದ್ದೀಯ.

ನಮ್ಮ ಹಾಲ್‌ನಲ್ಲಿ ಒಬ್ಬ ಹೆಂಗಸೂ ನೀರು ಕುಡಿಯಲ್ಲ. ಬೆಳಿಗ್ಗೆ ಮನೆಯಲ್ಲಿ ಬಾಯಿ ಮುಕ್ಕಳಿಸಿದ್ರೆ ಮತ್ತೆ ಸಂಜೆಗೇ. ಕುಡಿದ್ರೆ ಹೋಗಬೇಕಾಗುತ್ತೆ. ಹೋಗಬೇಕು ಅಂದ್ರೆ ಕೇಳಬೇಕು. ಅದಕ್ಕೇ ಕುಡಿಯಲ್ಲ. ಇಷ್ಟು ಬಿಡಿಸಿ ಹೇಳಬೇಕಾಯ್ತಲ್ಲ ನಿನಗೆ.

ನನ್ನದು ಬಿಸಿಲಿನ ಜ್ವರ ಅಲ್ಲ. ಮೂತ್ರದ ಸೋಂಕು, ಕಿಡ್ನಿವರೆಗೂ ಹೋಗಿದೆ. ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಿದ್ದೀನಿ. ಡಾಕ್ಟರಮ್ಮ ಚೀಟಿ ಬರೆಯೋ ಮೊದಲೇ, "ಗಾರ್ಮೆಂಟ್ಸಾ?" ಅಂತ ಕೇಳಿದ್ರು. ಆಮೇಲೆ ಅವರೂ ಅದನ್ನೇ ಹೇಳಿದ್ರು. ನೀರು ಚೆನ್ನಾಗಿ ಕುಡೀರಿ.

ನಿನಗೆ ಹೇಳಬಾರದು ಅಂತಿದ್ದೆ. ಚಿಂತೆ ಮಾಡ್ತೀಯ ಅಂತ. ಎಷ್ಟು ಪೆದ್ದಿ ನಾನು.

ನಾನು ದೇವರ ಹತ್ತಿರ ಮಾತಾಡ್ತೀನೋ ಬಿಡ್ತೀನೋ, ಅದು ನಿನಗೆ ಬೇಡ. ಕೂಟಕ್ಕೆ ಹೋಗು. ಮುಖ್ಯ ಪ್ರಸಂಗ ಮಾಡು. ಗಂಟಲು ಒಣಗಿದ್ರೆ ಪಕ್ಕದಲ್ಲಿ ಲೋಟ ಇಟ್ಟಿರ್ತಾರೆ.

ಇನ್ನು ನನಗೆ ಬರೀಬೇಡ.


ಮಾರ್ಚ್ 17

ಅಕ್ಕ,

ಈ ಪತ್ರವನ್ನು ಮೂರು ಸಲ ಶುರು ಮಾಡಿ ಹರಿದು ಹಾಕಿದೆ. ಈಗ ಹೇಗಿದ್ದೀಯ? ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ? ಒಂದು ಸಾಲಾದರೂ ಬರಿ.

ಕೆಲವು ದಿನ ನಾನು ಇಲ್ಲಿ ಇರುವುದಿಲ್ಲ. ಒಂದು ಕಡೆ ಹೋಗಿ ಬರಬೇಕಿದೆ.

ತಮ್ಮ


ಏಪ್ರಿಲ್ 5

ಪಾಸ್ಟರ್ ಅವರಿಗೆ,

ಬರೆಯಬಾರದು ಅಂತಿದ್ದೆ. ಆದರೆ ಒಂದು ವಿಷಯ ಹೊಟ್ಟೆಯಲ್ಲಿ ಇಟ್ಕೊಂಡು ಇರೋಕಾಗ್ತಿಲ್ಲ.

ಹೋದ ಗುರುವಾರ ಬಟನ್ ಅಜ್ಜಿ ಕಿಟಕಿಯಿಂದ ನಿನ್ನನ್ನ ನೋಡಿದ್ಲು. ನಮ್ಮ ಮನೆಯಲ್ಲಿರೋ ನಿನ್ನ ಫೋಟೋ ನೋಡಿದವಳು ಅವಳು, ಗುರುತು ತಪ್ಪಲ್ಲ. ದೊಡ್ಡವರ ಕಾರಿನಿಂದ ಇಳಿದೆಯಂತೆ. ಬಿಳಿ ಅಂಗಿಯಂತೆ. ಅವರು ನಿನ್ನ ಹೆಗಲ ಮೇಲೆ ಕೈ ಹಾಕಿದ್ರಂತೆ. ಇಬ್ಬರೂ ಮೇಲಿನ ಆಫೀಸಿಗೆ ಹೋದ್ರಂತೆ, ಕಾಫಿ ತಟ್ಟೆ ಹಿಂದೆಯೇ ಹೋಯ್ತಂತೆ. ನಾನು ಅವತ್ತು ಜ್ವರ ಅಂತ ರಜದಲ್ಲಿದ್ದೆ.

ಊಟದ ಬಿಡುವಲ್ಲಿ ಅಜ್ಜಿ ಓಡಿ ಬಂದು ನನಗೆ ಹೇಳಿದ್ಲು. ಮನೆ ಗುಡಿಸಿದೆ, ನಿನಗಿಷ್ಟ ಅಂತ ಗಟ್ಟಿ ಹಾಲು ತಂದಿಟ್ಟೆ, ಸಂಜೆವರೆಗೂ ಬಾಗಿಲ ಹತ್ತಿರವೇ ಕೂತಿದ್ದೆ. ಕತ್ತಲಾಯ್ತು, ನೀನು ಬರಲಿಲ್ಲ.

ಕಾರ್ಖಾನೆಯಿಂದ ನನ್ನ ಮನೆಗೆ ಎರಡು ಬೀದಿ. ರಾತ್ರಿಯೆಲ್ಲ ರೈಲಲ್ಲಿ ಕೂತು ಬಂದವನಿಗೆ ಎರಡು ಬೀದಿ ದೂರ ಆಯ್ತು. ಅಷ್ಟು ದೊಡ್ಡ ಮನುಷ್ಯ ಆಗಿದ್ದೀಯ ಅಂತ ಗೊತ್ತಿರಲಿಲ್ಲ.

ಅವರ ಜೊತೆ ಕಾಫಿ ಕುಡಿದೆಯಲ್ಲ. ಆಮೇಲೆ ಟಾಯ್ಲೆಟ್‌ಗೆ ಹೋಗಬೇಕಾಯ್ತಾ? ಕೈ ಎತ್ತಿದೆಯಾ?

ಇಷ್ಟೇ ಕೇಳಬೇಕಿತ್ತು.


ಏಪ್ರಿಲ್ 14

ತಮ್ಮಾ,

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಆದರೂ ಬರೀತಿದ್ದೀನಿ. ಇದು ದೊಡ್ಡವರ ಬಾಯಿಂದ ನಿನಗೆ ತಿಳಿಯೋ ಮೊದಲು ನನ್ನ ಬಾಯಿಂದಲೇ ತಿಳಿಯಲಿ.

ಸೋಮವಾರ ಕೆಲಸಕ್ಕೆ ಹೋದೆ. ಕ್ಯಾಸೆಟ್ ಮುಗೀತು. ಸೀಟಿ ಮೈಕ್ ಹಿಡ್ಕೊಂಡು, "ಇವತ್ತು ನಮ್ಮ ಪಾಸ್ಟರ್ ಅಕ್ಕ ಪ್ರಾರ್ಥನೆ ಮಾಡ್ತಾರೆ" ಅಂದ. ಎಲ್ಲರೂ ನನ್ನ ಕಡೆ ತಿರುಗಿದ್ರು. ಮೇಲೆ ಗಾಜಿನ ಹಿಂದೆ ದೊಡ್ಡವರು ನಿಂತಿದ್ರು. ಯಾರೋ ಅತಿಥಿಗಳು ಬಂದಿದ್ರು, ಅವರಿಗೆ ನಮ್ಮ ಭಕ್ತಿ ತೋರಿಸ್ತಿದ್ರು ಅನ್ಸುತ್ತೆ.

ಬೇಡ ಅನ್ನಬೇಕು ಅಂತ ಎದ್ದೆ. ಕಾಲು ಮೈಕಿನ ಹತ್ತಿರ ಹೋಯ್ತು. ಎಲ್ಲರೂ ಹೇಳೋ ಮಾಮೂಲಿ ಮಾತು ಹೇಳಿ ಬಂದುಬಿಡೋಣ ಅಂದುಕೊಂಡೆ. ಕಣ್ಣು ಮುಚ್ಚಿದೆ. ಆ ಮಾಮೂಲಿ ಮಾತು ಒಂದೂ ಬಾಯಿಗೆ ಬರಲಿಲ್ಲ. ನೀನು ಬರೆದಿದ್ದು ಬಂತು, ಇದ್ದದ್ದನ್ನು ಇದ್ದ ಹಾಗೆ ಇಡು ಅಂತ. ನಿನ್ನ ಮೇಲೆ ಅಷ್ಟು ಉರೀತಿದ್ರೂ ಅದೇ ಬಂತು. ನಾನು ಹೇಳಿದ್ದನ್ನ ಹಾಗೇ ಬರೀತೀನಿ.

"ಕರ್ತನೇ, ನನಗೆ ಚೆಂದ ಮಾಡಿ ಹೇಳೋಕೆ ಬರಲ್ಲ. ನಿನ್ನ ಹತ್ತಿರ ಮಾತು ಬಿಟ್ಟು ಬಹಳ ಕಾಲ ಆಯ್ತು. ಇವತ್ತು ಸಿಟ್ಟಲ್ಲೇ ಬಂದಿದ್ದೀನಿ, ಉಟ್ಕೊಂಡು ಬರೋಕೆ ಬೇರೆ ಬಟ್ಟೆ ಇರಲಿಲ್ಲ. ನಿನಗೆ ಎಲ್ಲ ಗೊತ್ತು ಅಂತಾರೆ. ಹಾಗಿದ್ರೆ ಈ ಹಾಲ್‌ನ ಹಿಂದಿನ ಬಾಗಿಲೂ ಗೊತ್ತಿರಬೇಕು. ಅದಕ್ಕೆ ಬೀಗ ಹಾಕಿದ್ದಾರೆ. ನಾವು ನೀರು ಕುಡಿಯೋದು ಬಿಟ್ಟಿದ್ದೀವಿ. ನೀನೂ ಒಬ್ಬ ತಾಯಿ ಹೊಟ್ಟೆಯಲ್ಲಿ ಹುಟ್ಟಿದವನು, ಹೆಂಗಸಿನ ಮೈ ಅಂದ್ರೇನು ಅಂತ ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಹುಡುಗಿ ಇಲ್ಲಿ ಕೂತಲ್ಲೇ ಮಾನ ಕಳ್ಕೊಂಡು ಮನೆಗೆ ಹೋದಳು. ಅವಳನ್ನ ನೋಡಿದ್ಯಾ? ನೋಡಿದ್ರೆ ಯಾಕೆ ಸುಮ್ಮನಿದ್ದೆ? ನನಗೆ ಇವರ ಮೇಲೆ ಸಿಟ್ಟಿದೆ, ನಿನ್ನ ಮೇಲೂ ಇದೆ. ನನಗೆ ತೃಪ್ತಿ ಕೊಡು ಅಂತ ನಾನು ಬೇಡಲ್ಲ. ಮೊದಲು ಬಾಗಿಲು ತೆಗೆಸು, ತೃಪ್ತಿ ವಿಷಯ ಆಮೇಲೆ ಮಾತಾಡೋಣ. ಬೀಗದ ಕೈ ಇರುವವರೂ ಇಲ್ಲೇ ನಿಂತು ಕಣ್ಣು ಮುಚ್ಕೊಂಡಿದ್ದಾರೆ. ಅವರಿಗೂ ಕೇಳಿಸಲಿ. ಆಮೆನ್."

ತಮ್ಮಾ, ಹಾಲ್‌ನಲ್ಲಿ ಹಿಂದಿನ ಸಾಲಿಂದ ಒಬ್ಬಳು ಆಮೆನ್ ಅಂದಳು. ಅವಳು ನಮ್ಮ ಚರ್ಚಿನ ಸಭೆಯವಳೂ ಅಲ್ಲ. ಆಮೇಲೆ ಎಲ್ಲ ಸಾಲಿಂದಲೂ ಬಂತು. ಇಸ್ತ್ರಿ ಗಂಡಸರೂ ಅಂದ್ರು. ಸೀಟಿ ಊದೋಕೆ ಹೋದ, ಉಸಿರು ತಪ್ಪಿ ಪೀ ಅಂತ ಅರ್ಧಕ್ಕೇ ನಿಂತುಹೋಯ್ತು.

ಮೇಲೆ ಕರೆಸಿದ್ರು. ದೊಡ್ಡವರ ಮುಖ ಕೆಂಪಾಗಿತ್ತು, ಧ್ವನಿ ಮಾತ್ರ ಮೆತ್ತಗಿತ್ತು. "ಏನಮ್ಮ ಇದು? ಪ್ರಾರ್ಥನೆಯಲ್ಲಿ ಕಂಪನಿ ವಿಷಯ ತರಬಾರದು" ಅಂದ್ರು.

"ಕಂಪನಿಯಲ್ಲಿ ಪ್ರಾರ್ಥನೆ ತಂದವರು ನೀವು ತಾನೆ ಸಾರ್" ಅಂದೆ.

"ನಿನ್ನ ತಮ್ಮನ ಮುಖ ನೋಡಿ ಸುಮ್ಮನಿದ್ದೀನಿ."

"ಅವನ ಮುಖ ನಾನೂ ನೋಡಿ ಬಹಳ ದಿನ ಆಯ್ತು. ನಿಮಗಾದರೂ ಸಿಕ್ಕಿದ್ನಲ್ಲ, ಒಳ್ಳೇದಾಯ್ತು" ಅಂದೆ.

ನಾಳೆಯಿಂದ ಬರಬೇಡ ಅಂದ್ರು. ಅಷ್ಟೇ.

ಮನೆಗೆ ಬಂದು ಒಂದು ದೊಡ್ಡ ಲೋಟ ನೀರು ಕುಡಿದೆ. ಮತ್ತೊಂದು ಕುಡಿದೆ. ಆಮೇಲೆ ಕೂತು ಅತ್ತೆ.

ಅಕ್ಕ


ಏಪ್ರಿಲ್ 23

ಅಕ್ಕ,

ನಿನ್ನ ಎರಡೂ ಪತ್ರ ನನ್ನ ಮುಂದಿವೆ. ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ.

ನಾನು ಬಂದದ್ದು ಬೀಗಕ್ಕಾಗಿ. ನಿನ್ನ ಜ್ವರದ ಪತ್ರ ಓದಿದ ಮೇಲೆ ಕೂಟದವರೆಗೆ ಕಾಯಲು ಆಗಲಿಲ್ಲ. ಅವರೇ ಸ್ಟೇಷನ್‌ಗೆ ಕಾರು ಕಳಿಸಿದರು. ಕ್ಯಾಸೆಟ್ ನಿಲ್ಲಿಸಿ, ಬಾಗಿಲು ತೆರೆಸಿ ಎಂದು ಕೇಳಿದೆ. ಅವರು ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ನಕ್ಕರು. "ಬಾಗಿಲು ತೆರೆದಿಟ್ಟರೆ ಒಳಗೆ ಕೂತು ಹರಟ್ತಾರೆ ಪಾಸ್ಟರ್. ಆತ್ಮದ ವಿಷಯ ನೀವು ನೋಡ್ಕೊಳ್ಳಿ, ಬಾಗಿಲಿನ ವಿಷಯ ನಾನು ನೋಡ್ಕೊಳ್ತೀನಿ" ಎಂದರು. ಅವರಿಗೆ ಎಲ್ಲ ಗೊತ್ತಿತ್ತು, ಅಕ್ಕ. ನೀನು ಹೇಳಿದ್ದೇ ಸರಿ. ಬೀಗ ಹಾಕಿಸಿದ್ದೇ ಅವರು.

ನಾನು ಏನೋ ಹೇಳಹೊರಟೆ. ಅಷ್ಟರಲ್ಲಿ ಅವರು ಎದ್ದು ನಿಂತು, "ಬಂದಿದ್ದೀರಿ, ಒಂದು ಪ್ರಾರ್ಥನೆ ಮಾಡಿ ಹೋಗಿ" ಎಂದರು. ನಾನು ಮಾಡಿದೆ. ಅವರ ಮೇಜಿನ ಮುಂದೆ ಕಣ್ಣು ಮುಚ್ಚಿ ನಿಂತು, ಅವರ ಕಾರ್ಖಾನೆಯನ್ನು ಆಶೀರ್ವದಿಸು ಎಂದು ಬೇಡಿದೆ. ಬಾಯಿಗೆ ರೂಢಿ. ಅದು ತನ್ನ ಪಾಡಿಗೆ ತಾನು ಹೇಳುತ್ತಾ ಹೋಯಿತು, ಒಂದು ಕಡೆಯೂ ತಡವರಿಸಲಿಲ್ಲ. ಕೆಳಗೆ ನಿಮ್ಮ ಮಷೀನ್‌ಗಳ ಸದ್ದು ಕೇಳುತ್ತಿತ್ತು.

ಆಮೇಲೆ ನಿನ್ನ ಬೀದಿಯ ತಿರುವಿನವರೆಗೆ ಬಂದೆ. ನಿನ್ನ ಬಾಗಿಲು ತೆರೆದಿತ್ತು, ಹೊಸ್ತಿಲ ಹತ್ತಿರ ನೀನು ಕೂತಿದ್ದೂ ಕಂಡಿತು. ಒಳಗೆ ಬಂದು ಏನು ಹೇಳಲಿ? ಕೇಳಿದೆ, ಆಗಲಿಲ್ಲ, ಅವರಿಗೇ ಆಶೀರ್ವಾದ ಕೊಟ್ಟು ಬಂದೆ ಎಂದೇ? ತಿರುಗಿ ಸ್ಟೇಷನ್ ದಾರಿ ಹಿಡಿದೆ. ನೀನು ನನಗಾಗಿ ಕಾಯುತ್ತಿದ್ದೆ ಎಂದು ಆಗ ಗೊತ್ತಿರಲಿಲ್ಲ. ಗಾಳಿಗೆ ಕೂತಿದ್ದೀಯ ಎಂದುಕೊಂಡೆ. ಗೊತ್ತಿದ್ದರೆ ಬರುತ್ತಿದ್ದೆನೋ ಏನೋ. ಅದನ್ನೂ ಖಂಡಿತವಾಗಿ ಹೇಳಲಾರೆ.

ನಿನ್ನ ಪ್ರಾರ್ಥನೆ ಬಂದು ತಲುಪಿದ್ದು ಶನಿವಾರ. ಭಾನುವಾರ ಪೀಠದ ಮೇಲೆ ನಿಂತಾಗ ಬರೆದಿಟ್ಟ ಪ್ರಸಂಗ ಓದಲು ಆಗಲಿಲ್ಲ. "ಒಂದು ಕಾರ್ಖಾನೆಯಲ್ಲಿ ಹೆಂಗಸರ ಬಾಗಿಲಿಗೆ ಬೀಗ ಹಾಕಿದ್ದಾರೆ. ಬೀಗದ ಮೇಲೆ ನನ್ನ ಧ್ವನಿ ಹಚ್ಚಿದ್ದಾರೆ. ಆ ಪ್ರಸಂಗವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಎಲ್ಲರೂ ಆ ಬಾಗಿಲಿಗಾಗಿ ಬೇಡಿಕೊಳ್ಳಿ" ಎಂದೆ. ಹೆಂಗಸರ ಕಡೆಯ ಬೆಂಚುಗಳು ಒಂದೇ ಸಲಕ್ಕೆ ಮೊಣಕಾಲೂರಿದವು. ಮುಂದಿನ ಸಾಲಿನಲ್ಲಿದ್ದ ಸಭೆಯ ಹಿರಿಯರು ಕೂತೇ ಇದ್ದರು. ಸಂಜೆ ಮನೆಗೆ ಬಂದು, ಸ್ವಲ್ಪ ಕಾಲ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ದೊಡ್ಡ ಕೂಟಕ್ಕೂ ಬೇರೆಯವರನ್ನು ಕರೆದಿದ್ದಾರಂತೆ. ನಿನ್ನ ನಾದಿನಿ ಅವರ ಎದುರಿಗೇ, "ಕಾಫಿ ಬೇಕಾ, ನೀರು ಸಾಕಾ?" ಎಂದು ಕೇಳಿದಳು. ಅವಳಿಗೂ ನಿನ್ನ ಪತ್ರ ಓದಿ ಹೇಳಿದ್ದೆ.

ನನಗೆ ಸಿಟ್ಟು ಬಂದಿದೆ, ಅಕ್ಕ. ಅವರ ಮೇಲೆ, ನನ್ನ ಮೇಲೆ. ಇಷ್ಟು ವರ್ಷ ಬೇರೆಯವರಿಗೆ ಪ್ರಾರ್ಥನೆ ಕಲಿಸಿದ್ದೇನೆ. ನಿನ್ನೆ ಕೋಣೆ ಬಾಗಿಲು ಹಾಕಿಕೊಂಡು ಮೊಣಕಾಲೂರಿದರೆ ಒಂದು ಪದ ಬರಲಿಲ್ಲ. ಕೊನೆಗೆ ನಿನ್ನ ಮಾತನ್ನೇ ಹೇಳಿದೆ. ಸಿಟ್ಟಲ್ಲೇ ಬಂದಿದ್ದೀನಿ, ಬೇರೆ ಬಟ್ಟೆ ಇಲ್ಲ. ಅಲ್ಲಿಂದ ಮುಂದಕ್ಕೆ ನನ್ನದೂ ಬಂತು.

ನಿನ್ನ ಕೆಲಸ ಹೋಯಿತಲ್ಲ. ಇನ್ನು ಹೇಗೆ? ಇಲ್ಲಿಗೆ ಬಂದುಬಿಡುತ್ತೀಯಾ? ಬಾ ಎಂದು ಕರೆಯುವ ಮುಖ ನನಗಿಲ್ಲ. ಆದರೂ ಕರೆಯುತ್ತಿದ್ದೇನೆ.

ತಮ್ಮ


ಮೇ 16

ತಮ್ಮಾ,

ತಡ ಆಯ್ತು. ಬರೆಯೋಕೆ ಮನಸ್ಸಿಲ್ಲದೆ ಅಲ್ಲ. ನಿನ್ನ ಪತ್ರ ಓದಿ, ಮಡಚಿಟ್ಟು, ಒಂದು ವಾರ ನಿನ್ನನ್ನ ಚೆನ್ನಾಗಿ ಬೈದೆ. ತಿರುವಿನವರೆಗೆ ಬಂದು ವಾಪಸ್ ಹೋದದ್ದಕ್ಕೆ. ಅವರ ಮೇಜಿನ ಮುಂದೆ ಕಣ್ಣು ಮುಚ್ಚಿದ್ದಕ್ಕೆ. ಎಲ್ಲ ಬೈದು ಮುಗಿದ ಮೇಲೆ, ಪೀಠದ ಮೇಲೆ ನಿಂತು ಹೇಳಿದೆಯಲ್ಲ, ಅದು ಉಳೀತು. ಅಷ್ಟು ಸಾಕು ಅಂತ ಬರೀತಿದ್ದೀನಿ.

ಮೊದಲು ಇಲ್ಲಿನ ಸುದ್ದಿ. ನನ್ನನ್ನ ಕಳಿಸಿದ ಮಾರನೇ ದಿನ ಸೀಟಿ ಇನ್ನೊಬ್ಬಳನ್ನ ಪ್ರಾರ್ಥನೆಗೆ ಕರೆದ. ಬಹಳ ಮೆತ್ತಗಿನ ಹೆಂಗಸು, ಬಾಯಿ ಸತ್ತವಳು ಅಂತ ನೋಡಿ ಕರೆದಿದ್ದ. ಅವಳು ಕಣ್ಣು ಮುಚ್ಚಿ, "ಕರ್ತನೇ, ನಿನ್ನೆ ಅಕ್ಕ ಹೇಳಿದ್ದೇ ನನ್ನದೂ" ಅಂತ ಹೇಳಿ ಬಂದು ಕೂತಳಂತೆ. ಅದರ ಮಾರನೇ ದಿನದವಳೂ ಹಾಗೇ. ಆಮೇಲೆ ಬಟನ್ ಅಜ್ಜಿ ತಾನೇ ಎದ್ದು ಹೋಗಿ ಮೈಕ್ ಹಿಡಿದಳು. ಅವಳು ದೇವರಿಗೆ ಕೊಟ್ಟ ವಿವರದಲ್ಲಿ ಕೆಲವು ಮಾತು ಪತ್ರದಲ್ಲಿ ಬರೆಯೋ ಹಾಗಿಲ್ಲ. ಇಸ್ತ್ರಿ ಗಂಡಸರು ಕಣ್ಣು ತೆರೆಯೋಕೇ ಹೆದರಿದ್ರಂತೆ. ಅವತ್ತಿಗೆ ಮೈಕಿನ ಪ್ರಾರ್ಥನೆ ನಿಂತಿತು. ಕ್ಯಾಸೆಟ್ಟೂ ನಿಂತಿತು.

ಬೀಗ ಮಾತ್ರ ಹಾಗೇ ಇತ್ತು. ಒಂದು ದಿನ ಊಟಕ್ಕೆ ಸ್ವಲ್ಪ ಮುಂಚೆ ಒಬ್ಬಳು ಕೈ ಎತ್ತಿದಳು. ಸೀಟಿ ಗಡಿಯಾರ ನೋಡಿದ. ಅವಳ ಪಕ್ಕದವಳೂ ಕೈ ಎತ್ತಿದಳು. ಆಮೇಲೆ ಇಡೀ ಹಾಲ್ ಎದ್ದು ನಿಂತು ಕೈ ಎತ್ತಿತು. ಒಂದು ಮಷೀನೂ ಓಡ್ತಿರಲಿಲ್ಲ. ಯಾರೂ ಕೂಗಲಿಲ್ಲ, ಬೈಯಲಿಲ್ಲ. ದೊಡ್ಡವರು ಗಾಜಿನ ಹತ್ತಿರ ಬಂದು ನೋಡಿದ್ರು, ಒಳಗೆ ಹೋದ್ರು, ಮತ್ತೆ ಬಂದ್ರು. ಕೊನೆಗೆ ಸೀಟಿ ಹೋಗಿ ಬೀಗ ತೆಗೆದ. ಎಲ್ಲರೂ ಸಾಲಾಗಿ ಹೋಗಿ ಬರೋ ಹೊತ್ತಿಗೆ ಬಾಗಿಲಲ್ಲಿ ಬೀಗವೇ ಇರಲಿಲ್ಲ. ಎಲ್ಲಿ ಹೋಯ್ತು ಅಂತ ಯಾರಿಗೂ ಗೊತ್ತಿಲ್ಲವಂತೆ. ಅಜ್ಜಿಯ ಗುಂಡಿ ಡಬ್ಬಿ ಈಚೆಗೆ ಸ್ವಲ್ಪ ಭಾರ ಆಗಿದೆ, ಅದು ಬೇರೆ ವಿಷಯ. ಹೊಸ ಬೀಗ ತರೋ ಧೈರ್ಯ ಅವರಿಗಿನ್ನೂ ಬಂದಿಲ್ಲ.

ನನ್ನನ್ನ ವಾಪಸ್ ತಗೊಂಡಿಲ್ಲ. ತಗೊಳ್ಳೋದೂ ಇಲ್ಲ. ದೊಡ್ಡವರು ಈಗಲೂ ಸಭೆಯಲ್ಲಿ ಮುಂದಿನ ಸಾಲಲ್ಲೇ ಕೂರ್ತಾರೆ, ಈಗಲೂ ಕಣ್ಣೀರು ಹಾಕ್ತಾರೆ. ನಾನು ಹಿಂದಿನ ಸಾಲಿಂದ ಅವರ ಕತ್ತು ನೋಡ್ತೀನಿ. ಆ ಹೊಸದಾಗಿ ಮದುವೆಯಾದ ಹುಡುಗಿಯ ಮನೆ ಹುಡುಕಿ ಹೋಗಿದ್ದೆ. ಬಾಗಿಲು ತೆಗೆದಳು, ನನ್ನನ್ನ ಕಂಡು ಮತ್ತೆ ಮುಚ್ಚಿದಳು. ಇದಕ್ಕೆಲ್ಲ ನನಗೆ ಸಮಾಧಾನ ಇಲ್ಲ. ಬೇಡ ಕೂಡ.

ಈಗ ಒಬ್ಬ ದರ್ಜಿಯ ಅಂಗಡಿಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲೀತಿದ್ದೀನಿ. ಗೊಣಗೋ ಮನುಷ್ಯ, ಆದರೆ ಅವನು ಗೊಣಗೋದು ಬಟ್ಟೆಯ ಮೇಲೆ, ನನ್ನ ಮೇಲಲ್ಲ. ಅಂಗಡಿಯ ಹಿಂದಿನ ಟಾಯ್ಲೆಟ್‌ಗೆ ಬೀಗ ಇರಲಿ, ಚಿಲಕವೂ ಇಲ್ಲ. ಒಳಗೆ ಇದ್ದೀನಿ ಅಂತ ಗೊತ್ತಾಗಲಿ ಅಂತ ಗಟ್ಟಿಯಾಗಿ ಕೀರ್ತನೆ ಹಾಡ್ತೀನಿ. ಮೊನ್ನೆ ದರ್ಜಿ ಹೇಳಿದ, "ಅಮ್ಮ, ಎರಡನೇ ಚರಣದಲ್ಲಿ ರಾಗ ತಪ್ತಾ ಇದೆ" ಅಂತ. ಬೇಕಾದಷ್ಟು ನೀರು ಕುಡೀತೀನಿ.

ನಿನಗೆ ಹೇಳಬೇಕು ಅಂದುಕೊಂಡಿದ್ದು ಇದು. ಹೋದ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಮೊಣಕಾಲೂರಿದೆ. ಈಗ ದಿನಾ ಊರ್ತೀನಿ, ಸಿಟ್ಟು ಬಂದಾಗ ಜಾಸ್ತಿ ಹೊತ್ತು. ಅವತ್ತು ದೊಡ್ಡವರನ್ನ ಬೈದೆ, ಸೀಟಿಯನ್ನ ಬೈದೆ, ನಿನ್ನ ಸರದಿಯೂ ಬಂತು. ದೇವರನ್ನೂ ಬಿಡಲಿಲ್ಲ. ಆಮೇಲೆ ಹೇಳೋಕೆ ಏನೂ ಉಳೀಲಿಲ್ಲ. ಬೇಡೋಕೂ ಏನೂ ನೆನಪಾಗಲಿಲ್ಲ. ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಇಬ್ಬರು ಜಗಳ ಆಡಿ ಮುಗಿಸಿ, ಇಬ್ಬರೂ ಎದ್ದು ಹೋಗದೆ ಒಂದೇ ಜಗಲಿ ಮೇಲೆ ಕೂತ ಹಾಗಿತ್ತು. ಸಿಟ್ಟು ಅಲ್ಲೇ ಇತ್ತು, ಪಕ್ಕದಲ್ಲಿ. ಆದರೂ ನನಗೆ ಏನೂ ಕಡಿಮೆ ಅನ್ನಿಸಲಿಲ್ಲ. ನೀವು ಪಾಸ್ಟರುಗಳು ಸಂತೃಪ್ತಿ ಅಂತೀರಲ್ಲ, ಇದೇನಾ ಅದು? ಇದೇ ಆದ್ರೆ, ಅದನ್ನ ಯಾರೂ ಇನ್ನೊಬ್ಬರಿಗೆ ಬೋಧಿಸೋಕೆ ಹೋಗಬಾರದು ಕಣೋ. ಅವರವರೇ ಜಗಳ ಆಡಿ ಪಡ್ಕೋಬೇಕು.

ನಾನು ಅಲ್ಲಿಗೆ ಬರಲ್ಲ. ನೀನು ಬಾ. ನನ್ನ ನಾದಿನಿಯನ್ನೂ ಕರ್ಕೊಂಡು ಬಾ, ಅವಳು ಹಿರಿಯರನ್ನ ಕೇಳಿದ ಮಾತು ಬಟನ್ ಅಜ್ಜಿಗೆ ಬಹಳ ಹಿಡಿಸಿದೆ. ಹೇಗಿದ್ರೂ ನಿನಗೆ ವಿಶ್ರಾಂತಿ ಕೊಟ್ಟಿದ್ದಾರಲ್ಲ. ಬರುವಾಗ ಪ್ರಸಂಗ ಅಲ್ಲೇ ಬಿಟ್ಟು, ಹಸಿವು ತಗೊಂಡು ಬಾ.

ನಿನ್ನ ಅಕ್ಕ